ಅಂಧರಿಗೊಂದು ದನಿಯ ಕೈಕಂಬ
(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವಾರ್ಷಿಕೋತ್ಸವದ ವೇದಿಕೆಯಿಂದ ಭಾಷೆ, ಸಾಹಿತ್ಯ, ಯಕ್ಷಗಾನ, ಶಾಲೆ ಇವುಗಳ ವಿಚಾರವಾಗಿ ಮಾತುಗಳನ್ನು ಕೇಳುವುದು ತಮಗೆಲ್ಲ ರೂಢಿಯಾದುದು. ಇಂದು ನಾವು ಎತ್ತಿಕೊಂಡಿರುವ ವಿಷಯ ಅವುಗಳಿಂದ ಬಲು ದೂರದ್ದೆಂದು ಮೊದಲಿಗೆ ತೋರಬಹುದು. ಕಣ್ಣಿಲ್ಲದವರು ತಮ್ಮ ಮೊಬೈಲು ಫೋನಿನಿಂದ ಬರುವ ದನಿಯನ್ನು ಕೇಳಿ ದಾರಿ ನಡೆಯುವಂತೆ ಮಾಡುವ ಆ್ಯಪುಗಳನ್ನು ಹೇಗೆ ರಚಿಸಬೇಕು ಎಂಬುದೇ ಆ ವಿಷಯ. ಇದು ಯಂತ್ರಶಾಸ್ತ್ರಕ್ಕೆ ಸೇರಿದ್ದೆಂಬುದು ನಿಜ. ಆದರೆ ದಾರಿಯನ್ನು ಹೇಳುವುದು ಮಾತು. ಆ ಮಾತು ಯಾವ ಭಾಷೆಯದು, ಅದರಲ್ಲಿ ಯಾವ ಪದ ಮೊದಲು ಬರುತ್ತದೆ, ಊರಿನ ಹೆಸರನ್ನು ಅದು ಹೇಗೆ ಉಚ್ಚರಿಸುತ್ತದೆ ಎಂಬುದರ ಮೇಲೆ ಒಬ್ಬ ಮನುಷ್ಯನು ಕ್ಷೇಮವಾಗಿ ಮನೆ ಸೇರುವುದು ನಿಂತಿರುವಾಗ, ಅದು ಕನ್ನಡ ಸಂಘದ ವಿಷಯವೂ ಆಗುತ್ತದೆ.

ನಮ್ಮ ಸೀಮೆಯಲ್ಲಿ ಕವಲುದಾರಿಯಲ್ಲಿ ನಿಂತು ಊರುಗಳ ದಿಕ್ಕನ್ನು ತೋರಿಸುವ ಕಂಬಕ್ಕೆ ಕೈಕಂಬವೆನ್ನುತ್ತೇವೆ. ಕಣ್ಣಿದ್ದವರಿಗೆ ಅದು ಸಾಕು. ಕಣ್ಣಿಲ್ಲದವರಿಗೆ ಬೇಕಾದುದು ದನಿಯಿಂದ ಕೈದೋರುವ ಕಂಬ.

ಅಂಧರ ನಡಿಗೆಯಲ್ಲಿ ಎರಡು ಬೇರೆ ಬೇರೆ ವಿದ್ಯೆಗಳಿವೆ. ಮುಂದಿನ ಹೆಜ್ಜೆ ಬೀಳುವ ನೆಲ ಗಟ್ಟಿಯೋ, ಗುಂಡಿಯೋ, ಮೆಟ್ಟಿಲೋ ಎಂದು ಅರಿಯುವುದು ಒಂದು. ತಾನು ಈಗ ಎಲ್ಲಿದ್ದೇನೆ, ಸೇರಬೇಕಾದ ಸ್ಥಳ ಯಾವ ದಿಕ್ಕಿಗಿದೆ, ನಡುವೆ ಏನೇನು ಇದೆ ಎಂದು ಅರಿಯುವುದು ಇನ್ನೊಂದು. ಮೊದಲನೆಯದಕ್ಕೆ ಬಿಳಿಯ ಕೋಲು ಇದೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1944ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ವ್ಯಾಲಿ ಫೋರ್ಜ್ ಸೈನಿಕ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ಎಂಬವರು ಉದ್ದನೆಯ ಕೋಲನ್ನು ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುವ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ಅದನ್ನು ಮೀರಿಸಿದ ಸಾಧನ ಬಂದಿಲ್ಲ. ನಮ್ಮ ದೇಶದಲ್ಲಿಯೂ ದೆಹಲಿಯ ಐ.ಐ.ಟಿ.ಯವರು ಈ ಕೋಲಿನ ಹಿಡಿಕೆಗೆ ಶ್ರವಣಾತೀತ ಧ್ವನಿಯ ಯಂತ್ರವನ್ನು ಅಳವಡಿಸಿ, ಮೊಣಕಾಲಿಗಿಂತ ಮೇಲಿರುವ ಅಡ್ಡಿಗಳನ್ನು ಕೈಯ ನಡುಕದ ಮೂಲಕ ತಿಳಿಸುವ ‘ಸ್ಮಾರ್ಟ್‌ಕೇನ್’ ಎಂಬುದನ್ನು 2014ರಲ್ಲಿ ಬಳಕೆಗೆ ತಂದರು. ಆದರೆ ಇವೆಲ್ಲ ಕೆಲವೇ ಅಡಿಗಳ ಒಳಗಿನ ಮಾತು. ಕೋಲು ಮುಂದಿನ ಹೆಜ್ಜೆಯನ್ನು ಹೇಳೀತು. ಪೇಟೆಯ ಯಾವ ತಿರುವಿನಲ್ಲಿ ನಿಂತಿದ್ದೇವೆ ಎಂಬುದನ್ನು ಹೇಳಲಾರದು. ಈ ಎರಡನೆಯ ಕೊರತೆಯನ್ನು ತುಂಬುವುದೇ ಧ್ವನಿಯ ಆ್ಯಪಿನ ಕೆಲಸ. ಕೋಲಿನ ಬದಲು ಆ್ಯಪು ಎಂದು ಯಾರಾದರೂ ಹೇಳಿದರೆ ಅದನ್ನು ನಂಬತಕ್ಕದ್ದಲ್ಲ. ಕೋಲು ಮತ್ತು ಆ್ಯಪು ಎರಡೂ ಬೇಕು.

ಈ ಯೋಚನೆ ಇಂದು ನಿನ್ನೆಯದಲ್ಲ. ಅಮೆರಿಕದ ಸಾಂಟಾ ಬಾರ್ಬರಾ ವಿಶ್ವವಿದ್ಯಾನಿಲಯದಲ್ಲಿ ಜ್ಯಾಕ್ ಲೂಮಿಸ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿಯೇ ಇದರ ರೂಪುರೇಷೆಯನ್ನು ಮುಂದಿಟ್ಟರು. ಅವರೊಡನೆ ಕೂಡಿ ದುಡಿದವರು ರೆಜಿನಾಲ್ಡ್ ಗಾಲೆಜ್ ಎಂಬ ಭೂಗೋಳ ಪ್ರಾಧ್ಯಾಪಕರು ಮತ್ತು ರಾಬರ್ಟಾ ಕ್ಲಾಟ್ಸ್ಕಿ ಎಂಬ ವಿದುಷಿ. ಗಾಲೆಜರು ಸ್ವತಃ ನಡುಪ್ರಾಯದಲ್ಲಿ ದೃಷ್ಟಿ ಕಳೆದುಕೊಂಡವರು; ಊರುಗಳ ನಕ್ಷೆಯನ್ನು ಮನುಷ್ಯರು ಮನಸ್ಸಿನಲ್ಲಿ ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಅಭ್ಯಸಿಸಿದ ವಿದ್ವಾಂಸರಿಗೆ ಆ ಪ್ರಶ್ನೆ ತಮ್ಮದೇ ಆಯಿತು. ಬೆನ್ನಿಗೆ ಹೊರುವ ಗಣಕಯಂತ್ರ, ಉಪಗ್ರಹದಿಂದ ಸ್ಥಾನವನ್ನು ತಿಳಿಯುವ ಜಿ.ಪಿ.ಎಸ್. ಯಂತ್ರ, ಕಿವಿಗೆ ಹೆಡ್‌ಫೋನು ಇಷ್ಟರಿಂದ ಅವರು ತಮ್ಮ ಸಾಧನವನ್ನು ಕಟ್ಟಿದರು. ಬಳಿಕ ಹತ್ತು ಮಂದಿ ಅಂಧರನ್ನು ನಡೆಸಿ, ದಾರಿ ಹೇಳುವ ನಾಲ್ಕು ವಿಧಗಳನ್ನು ಹೋಲಿಸಿ ನೋಡಿ 1998ರಲ್ಲಿ ಫಲವನ್ನು ಪ್ರಕಟಿಸಿದರು. ‘ಎಡಕ್ಕೆ, ಬಲಕ್ಕೆ’ ಎಂದು ಹೇಳುವುದಕ್ಕಿಂತಲೂ, ಸೇರಬೇಕಾದ ಸ್ಥಳವೇ ಆ ದಿಕ್ಕಿನಿಂದ ಕರೆದಂತೆ ದನಿಯನ್ನು ಕೇಳಿಸಿದಾಗ ಜನರು ಹೆಚ್ಚು ಚೆನ್ನಾಗಿ ನಡೆದರು, ಅದನ್ನೇ ಹೆಚ್ಚು ಮೆಚ್ಚಿದರು.

ಇದು ಹೇಗೆ ಸಾಧ್ಯವೆಂಬುದನ್ನು ಸ್ವಲ್ಪ ವಿವರಿಸಬೇಕು. ಬಲಗಡೆಯಿಂದ ಬರುವ ಶಬ್ದ ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ತುಸು ತಡವಾಗಿ ಮತ್ತು ತುಸು ಮಂದವಾಗಿ ಮುಟ್ಟುತ್ತದೆ. ಆ ತಡ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಆದರೂ ನಮ್ಮ ಮಿದುಳು ಅದನ್ನು ಹಿಡಿದು, ಶಬ್ದ ಎತ್ತಣಿಂದ ಬಂತೆಂದು ತೀರ್ಮಾನಿಸುತ್ತದೆ. ಹೆಡ್‌ಫೋನಿನ ಎರಡು ಕಿವಿಗಳಿಗೂ ಇದೇ ಅಂತರವನ್ನು ಕೃತಕವಾಗಿ ಕೊಟ್ಟರೆ, ಇಲ್ಲದ ಗಂಟೆ ಇದ್ದಂತೆ, ಅದೂ ನಿರ್ದಿಷ್ಟ ದಿಕ್ಕಿನಲ್ಲಿ ಇದ್ದಂತೆ ಭಾಸವಾಗುತ್ತದೆ. ಇದರಲ್ಲೊಂದು ತೊಡಕು ಉಂಟು. ನೇರ ಎದುರಿನ ಶಬ್ದಕ್ಕೂ ನೇರ ಹಿಂದಿನ ಶಬ್ದಕ್ಕೂ ಎರಡು ಕಿವಿಗಳ ನಡುವೆ ಅಂತರವಿಲ್ಲವಾದುದರಿಂದ, ಮುಂದಿನದೋ ಹಿಂದಿನದೋ ಎಂಬ ಗೊಂದಲ ಬರುತ್ತದೆ. ನಿಜಜೀವನದಲ್ಲಿ ತಲೆಯನ್ನು ತುಸು ಹೊರಳಿಸಿ ಇದನ್ನು ಪರಿಹರಿಸಿಕೊಳ್ಳುತ್ತೇವೆ. ಆದುದರಿಂದ ಒಳ್ಳೆಯ ಆ್ಯಪು ನಡೆಯುವವನು ಯಾವ ಕಡೆಗೆ ಮುಖಮಾಡಿದ್ದಾನೆ ಎಂಬುದನ್ನೂ ಅರಿತು, ಅವನು ಹೊರಳಿದಂತೆ ದನಿಯನ್ನೂ ಹೊರಳಿಸಬೇಕು.

ಈ ತತ್ತ್ವದ ಮೇಲೆ ಮೈಕ್ರೋಸಾಫ್ಟ್ ಸಂಸ್ಥೆಯವರು 2018ರಲ್ಲಿ ‘ಸೌಂಡ್‌ಸ್ಕೇಪ್’ ಎಂಬ ಆ್ಯಪನ್ನು ಹೊರತಂದರು. ಬ್ರಿಟನ್ನಿನಲ್ಲಿ ಅಂಧರಿಗೆ ನಾಯಿಗಳನ್ನು ತರಬೇತು ಮಾಡಿ ಕೊಡುವ ‘ಗೈಡ್ ಡಾಗ್ಸ್’ ಸಂಸ್ಥೆಯೊಡನೆ 2014ರಲ್ಲಿ ನಡೆಸಿದ ಪ್ರಯೋಗ ಅದಕ್ಕೆ ಮೊದಲಾಗಿತ್ತು. ಸೇರಬೇಕಾದ ಸ್ಥಳದಿಂದ ಒಂದು ಲಯಬದ್ಧವಾದ ನಾದ ಎಡೆಬಿಡದೆ ಕೇಳಿಸುತ್ತಿರುತ್ತದೆ. ನಡೆಯುವವನು ಅತ್ತ ನೇರವಾಗಿ ಮುಖಮಾಡಿದಾಗ ನಾದದ ಬಗೆ ಬದಲಾಗುತ್ತದೆ. ದಾರಿಯ ಎಡಕ್ಕಿರುವ ಅಂಗಡಿಯ ಹೆಸರು ಎಡಗಿವಿಯ ಕಡೆಯಿಂದ, ಬಲಕ್ಕಿರುವ ಬ್ಯಾಂಕಿನ ಹೆಸರು ಬಲಗಿವಿಯ ಕಡೆಯಿಂದ ಬರುತ್ತದೆ. ನಾನೆಲ್ಲಿದ್ದೇನೆ, ನನ್ನ ಸುತ್ತ ಏನಿದೆ, ನನ್ನ ಮುಂದೆ ಏನಿದೆ ಎಂದು ಬೇಕೆಂದಾಗ ಕೇಳುವ ಗುಂಡಿಗಳಿವೆ. ಇದರ ವಿಶೇಷವೆಂದರೆ ಅದು ‘ಹೀಗೆ ನಡೆ’ ಎಂದು ಆಜ್ಞಾಪಿಸುವುದಿಲ್ಲ. ಸುತ್ತಲಿನ ಲೋಕವನ್ನು ಬಣ್ಣಿಸುತ್ತದೆ. ಯಾವ ಬೀದಿಯಲ್ಲಿ ಹೋಗಬೇಕೆಂಬ ನಿರ್ಧಾರವನ್ನು ನಡೆಯುವವನಿಗೇ ಬಿಡುತ್ತದೆ. ಕೈಹಿಡಿದು ಎಳೆದೊಯ್ಯುವವನಿಗೂ, ಪಕ್ಕದಲ್ಲಿ ಮಾತನಾಡುತ್ತ ನಡೆಯುವ ಸ್ನೇಹಿತನಿಗೂ ಇರುವ ಭೇದವೇ ಇಲ್ಲಿಯೂ ಇದೆ. ಅಂಧರು ಬೇಡುವುದು ಎರಡನೆಯದನ್ನು.

ಇನ್ನು ಇಂಥ ಆ್ಯಪುಗಳನ್ನು ರಚಿಸುವಲ್ಲಿ ಕಲಿತ ಪಾಠಗಳನ್ನು ಹೇಳುತ್ತೇವೆ.

ಮೊದಲನೆಯದಾಗಿ, ಅಂಧನ ಕಿವಿ ಬಿಡುವಾಗಿಲ್ಲ. ನಮಗೆ ಸಂಗೀತ ಕೇಳಲು ಕಿವಿ ಖಾಲಿ ಇರಬಹುದು. ಅವನಿಗೆ ಅದೇ ಕಣ್ಣು. ಬರುವ ಬಸ್ಸು, ಮುಂದಿನ ಗೋಡೆಯಿಂದ ಮರಳುವ ಕೋಲಿನ ಸದ್ದು, ಓಣಿಯ ಬಾಯಿ ತೆರೆದಾಗ ಬದಲಾಗುವ ಗಾಳಿ, ಇವೆಲ್ಲವನ್ನೂ ಅವನು ಕಿವಿಯಿಂದಲೇ ನೋಡುತ್ತಾನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪ್ರಾಧ್ಯಾಪಕರಾಗಿದ್ದ ಜಾನ್ ಹಲ್ ಎಂಬವರು ತಮ್ಮ ಕುರುಡಿನ ಅನುಭವವನ್ನು 1990ರಲ್ಲಿ ಪುಸ್ತಕವಾಗಿ ಬರೆದಾಗ, ಮಳೆ ಬಿದ್ದರೆ ಮಾಡು, ಗಿಡ, ಕಲ್ಲುಹಾದಿ ಎಲ್ಲವೂ ತಮ್ಮ ತಮ್ಮ ಸದ್ದಿನಿಂದ ಆಕಾರ ತಾಳುವುದನ್ನು ವರ್ಣಿಸಿದ್ದಾರೆ. ನಮ್ಮ ಆಷಾಢದ ಮಳೆಯಾದರೋ ಎಲ್ಲ ಸದ್ದನ್ನೂ ನುಂಗಿಬಿಡುತ್ತದೆ. ಅಂತಹ ಹೊತ್ತಿನಲ್ಲಿ ಕಿವಿಯನ್ನು ಮುಚ್ಚುವ ಹೆಡ್‌ಫೋನನ್ನು ಹಾಕಿಸಿ, ಎಡೆಬಿಡದೆ ಮಾತನಾಡುವ ಆ್ಯಪು ಉಪಕಾರಿಯಲ್ಲ, ಅಪಾಯಕಾರಿ. ಆದಕಾರಣ ಕಿವಿಯನ್ನು ತೆರೆದಿಟ್ಟು ಕೆನ್ನೆಯ ಎಲುಬಿನ ಮೂಲಕ ಧ್ವನಿಯನ್ನು ಮುಟ್ಟಿಸುವ ಸಾಧನಗಳನ್ನು ಬಳಸುತ್ತಾರೆ. ಆ್ಯಪು ಕಡಿಮೆ ಮಾತನಾಡಬೇಕು. ರಸ್ತೆ ದಾಟುವ ಸಮಯದಲ್ಲಿ ಸುಮ್ಮನಿರಬೇಕು. ‘ಈಗ ದಾಟಬಹುದು’ ಎಂಬ ಭರವಸೆಯನ್ನು ಎಂದಿಗೂ ಕೊಡಬಾರದು, ಏಕೆಂದರೆ ಬರುತ್ತಿರುವ ಲಾರಿಯನ್ನು ನಕ್ಷೆ ಕಾಣದು.

ಎರಡನೆಯದಾಗಿ, ಯಂತ್ರವು ತನ್ನ ಅಳತೆಯ ಮಿತಿಯನ್ನು ಬಚ್ಚಿಡಬಾರದು. ಬಯಲಿನಲ್ಲಿ ಫೋನಿನ ಜಿ.ಪಿ.ಎಸ್. ಸುಮಾರು 5 ಮೀಟರಿನಷ್ಟು ತಪ್ಪಬಹುದು. ಎತ್ತರದ ಕಟ್ಟಡಗಳ ನಡುವೆ, ದಟ್ಟವಾದ ಮರಗಳ ಕೆಳಗೆ ಇನ್ನೂ ಹೆಚ್ಚು. ಮೋಟಾರಿನಲ್ಲಿ ಹೋಗುವವನಿಗೆ 5 ಮೀಟರು ಏನೂ ಅಲ್ಲ. ಅಂಧನಿಗೆ ಅದು ಕಾಲುದಾರಿಗೂ ಹೆದ್ದಾರಿಗೂ ಇರುವ ಅಂತರ. ‘ನೀವು ಬಾಗಿಲಲ್ಲಿದ್ದೀರಿ’ ಎನ್ನುವ ಬದಲು ‘ಆಸ್ಪತ್ರೆ ಹತ್ತಿರವಿದೆ, ಬಲಗಡೆ’ ಎನ್ನುವುದೇ ಪ್ರಾಮಾಣಿಕವಾದ ಮಾತು. ಫೋನಿನೊಳಗಿನ ದಿಕ್ಸೂಚಿಯೂ ಕಬ್ಬಿಣದ ಬಳಿ ದಾರಿತಪ್ಪುವುದುಂಟು.

ಮೂರನೆಯದಾಗಿ, ಮಾಡಿನ ಕೆಳಗೆ ಉಪಗ್ರಹದ ನೆರವಿಲ್ಲ. ಲಂಡನ್ನಿನಲ್ಲಿ ಅಂಧ ತರುಣರ ಬೇಡಿಕೆಯಿಂದಲೇ ‘ವೇಫೈಂಡರ್’ ಎಂಬ ಯೋಜನೆ ಹುಟ್ಟಿ, 2015ರ ಸುಮಾರಿಗೆ ಪಿಮ್ಲಿಕೊ ಎಂಬ ನೆಲದಡಿಯ ರೈಲು ನಿಲ್ದಾಣದಲ್ಲಿ ಗೋಡೆಗಳಿಗೆ ಚಿಕ್ಕ ಬ್ಲೂಟೂತ್ ಯಂತ್ರಗಳನ್ನು ಅಂಟಿಸಿ ಪರೀಕ್ಷಿಸಲಾಯಿತು. ಆ ಅನುಭವದ ಆಧಾರದ ಮೇಲೆ, ಧ್ವನಿಯಿಂದ ದಾರಿ ಹೇಳುವುದು ಹೇಗಿರಬೇಕೆಂಬುದಕ್ಕೆ 2017ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ನಿಯಮಾವಳಿಯನ್ನೇ ಅಂಗೀಕರಿಸಿತು. ಇತ್ತ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯ ಮತ್ತು ಐ.ಬಿ.ಎಂ. ಸಂಸ್ಥೆ ಕೂಡಿ 2015ರಲ್ಲಿ ‘ನ್ಯಾವ್‌ಕಾಗ್’ ಎಂಬ ಆ್ಯಪನ್ನು ಹೊರತಂದವು. ಅದರ ಹಿಂದಿದ್ದ ಚಿಯೆಕೊ ಅಸಕಾವಾ ಎಂಬ ಜಪಾನೀ ಮಹಿಳೆ ಈಜುಕೊಳದಲ್ಲಾದ ಪೆಟ್ಟಿನಿಂದ 14ನೆಯ ವಯಸ್ಸಿಗೆ ಪೂರ್ಣ ಅಂಧರಾದವರು. ಈ ಎಲ್ಲ ಕಥೆಗಳಲ್ಲಿಯೂ ಒಂದು ಸಮಾನ ಅಂಶವನ್ನು ತಾವು ಗಮನಿಸಿರಬಹುದು. ಗಾಲೆಜ್, ಅಸಕಾವಾ, ಲಂಡನ್ನಿನ ತರುಣರು, ಎಲ್ಲರೂ ಕಣ್ಣಿಲ್ಲದವರೇ. ಕಣ್ಣಿದ್ದವನು ಕಣ್ಣುಮುಚ್ಚಿಕೊಂಡು ನಾಲ್ಕು ಹೆಜ್ಜೆ ನಡೆದು ಆ್ಯಪನ್ನು ಪರೀಕ್ಷಿಸಿದರೆ ಅವನಿಗೆ ತಿಳಿಯುವುದು ಹೆದರಿಕೆ ಮಾತ್ರ; ನಿತ್ಯವೂ ನಡೆಯುವವನ ಜಾಣ್ಮೆ ತಿಳಿಯದು.

ನಮ್ಮ ದೇಶದ ಒಂದು ಉದಾಹರಣೆಯನ್ನೂ ಹೇಳಬೇಕು. ನಿಲ್ದಾಣಕ್ಕೆ ಬಂದ ಬಸ್ಸು ಯಾವುದೆಂದು ತಿಳಿಯುವುದೇ ಅಂಧರ ದೊಡ್ಡ ಕಷ್ಟ. ಇದಕ್ಕಾಗಿ ದೆಹಲಿಯ ಐ.ಐ.ಟಿ.ಯವರು ‘ಆನ್‌ಬೋರ್ಡ್’ ಎಂಬ ಸಾಧನವನ್ನು ಮಾಡಿದರು. ಕೈಯಲ್ಲಿರುವ ಯಂತ್ರದ ಗುಂಡಿ ಒತ್ತಿದರೆ ಹತ್ತಿರದ ಬಸ್ಸುಗಳ ಸಂಖ್ಯೆ ಕೇಳಿಸುತ್ತದೆ. ಬೇಕಾದುದನ್ನು ಆರಿಸಿದರೆ ಆ ಬಸ್ಸಿನ ಬಾಗಿಲ ಬಳಿಯಿಂದಲೇ ದನಿ ಹೊರಟು, ಅದನ್ನು ಹಿಡಿದು ಬಾಗಿಲನ್ನು ಸೇರಬಹುದು. ಗಡಿನಾಡಿನ ನಮಗೆ ಈ ಕಷ್ಟದ ಒಂದು ಎಳೆ ಪರಿಚಿತವೇ. ತನಗೆ ಬಾರದ ಲಿಪಿಯ ಹಲಗೆ ಹೊತ್ತ ಬಸ್ಸಿನ ಮುಂದೆ ನಿಂತು, ಕಣ್ಣಿದ್ದೂ ಪಕ್ಕದವರನ್ನು ‘ಇದು ಎಲ್ಲಿಗೆ ಹೋಗುವುದಪ್ಪಾ’ ಎಂದು ಕೇಳುವ ಹಿರಿಯರು ನಮ್ಮ ಮನೆಗಳಲ್ಲಿಲ್ಲವೇ? ಪ್ರತಿ ಹೆಜ್ಜೆಗೂ ಪರರನ್ನು ಕೇಳಬೇಕಾದವನ ಮನಸ್ಸು ಹೇಗೆ ಕುಗ್ಗುತ್ತದೆಂಬುದನ್ನು ನಾವು ಊಹಿಸಬಲ್ಲೆವು.

ಈಗ ಭಾಷೆಯ ಮಾತಿಗೆ ಬರೋಣ. ಸೌಂಡ್‌ಸ್ಕೇಪಿಗೆ ಕನ್ನಡ ಬರುತ್ತಿರಲಿಲ್ಲ. ಗೂಗಲ್ ಸಂಸ್ಥೆ ತನ್ನ ನಕ್ಷೆಯಲ್ಲಿ ಅಂಧರಿಗಾಗಿ ವಿವರವಾದ ನಡಿಗೆಯ ಸೂಚನೆಗಳನ್ನು 2019ರಲ್ಲಿ ಆರಂಭಿಸಿದಾಗ, ಅವು ಅಮೆರಿಕದಲ್ಲಿ ಇಂಗ್ಲಿಷಿನಲ್ಲಿಯೂ ಜಪಾನಿನಲ್ಲಿ ಜಪಾನೀ ಭಾಷೆಯಲ್ಲಿಯೂ ಮಾತ್ರ ಇದ್ದವು. ಫೋನು ಕನ್ನಡ ಅಕ್ಷರಗಳನ್ನು ಓದಿ ಹೇಳುವುದು ಮಾತ್ರ ಈಗ ಸಾಧ್ಯವಾಗಿದೆ; ಗೂಗಲಿನ ಧ್ವನಿಯೂ, ಎಲ್ಲರಿಗೂ ಮುಕ್ತವಾದ ‘ಈಸ್ಪೀಕ್’ ಧ್ವನಿಯೂ ಕನ್ನಡವನ್ನು ಬಲ್ಲವು. ಆದರೆ ಇಂಗ್ಲಿಷಿನ ವಾಕ್ಯಗಳನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿಟ್ಟರೆ ದಾರಿ ಹೇಳಿದಂತಾಗದು. ಕಾರಣಗಳನ್ನು ಕೇಳಿರಿ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಮೂವತ್ತು ಹೆಜ್ಜೆ ನಡೆದ ಮೇಲೆ ಸಿಗುವ ಕವಲಿನಲ್ಲಿ ಎಡಕ್ಕೆ ಹೊರಳಿರಿ’ ಎಂಬ ವಾಕ್ಯದಲ್ಲಿ ಮುಖ್ಯವಾದ ಮಾತು ಬರುವ ಹೊತ್ತಿಗೆ ಒಂದು ಬಸ್ಸು ಹಾರನ್ನು ಊದಿದರೆ ವಾಕ್ಯವೆಲ್ಲ ವ್ಯರ್ಥ. ‘ಎಡಕ್ಕೆ, ಮೂವತ್ತು ಹೆಜ್ಜೆಗೆ’ ಎಂದು ಮುಖ್ಯ ಪದವನ್ನು ಮುಂದಿಡಬೇಕು. ‘ಮೆಟ್ಟಿಲು ಇಲ್ಲಿ’ ಎನ್ನುವುದಕ್ಕೂ ‘ಮೆಟ್ಟಿಲು ಇಲ್ಲ’ ಎನ್ನುವುದಕ್ಕೂ ಒಂದು ಸ್ವರದ ಭೇದ. ‘ಹೋಗಬಹುದು’, ‘ಹೋಗಬಾರದು’ ಎಂಬವುಗಳ ಭೇದವೂ ಪದದ ಬಾಲದಲ್ಲಿ ಅಡಗಿದೆ. ಗದ್ದಲದ ಬೀದಿಯಲ್ಲಿ ಈ ಭೇದಗಳು ಉಳಿಯಲಾರವು. ‘ತಿರುಗಿ ನಡೆಯಿರಿ’ ಎಂದರೆ ಹೊರಳಿ ನಡೆಯಬೇಕೋ, ಮತ್ತೊಮ್ಮೆ ನಡೆಯಬೇಕೋ? ಎಚ್ಚರಿಕೆಯ ಮಾತಿಗೆ ‘ನಿಲ್ಲಿ’ ಎಂಬಂಥ ಚಿಕ್ಕ, ಬೇರೆಯದರೊಡನೆ ಬೆರೆಯದ ಪದವೇ ವಾಕ್ಯದ ಮೊದಲಿಗೆ ಇರಬೇಕು. ಇಂತಹ ಸೂಕ್ಷ್ಮಗಳನ್ನು ಭಾಷೆ ಬಲ್ಲವರೇ ತೀರ್ಮಾನಿಸಬೇಕಲ್ಲದೆ ಯಂತ್ರಜ್ಞರೊಬ್ಬರೇ ತೀರ್ಮಾನಿಸಲಾರರು.

ನಮ್ಮ ಊರಿನವರು ದಾರಿ ಹೇಳುವ ಕ್ರಮವೂ ಬೇರೆ. ‘ಬಾವಿಯಿಂದ ಪಡುವಕ್ಕೆ ಇಳಿದು, ಸಂಕ ದಾಟಿ, ಗುಡ್ಡೆಯ ಬಡಗು ಬದಿಯಲ್ಲಿ’ ಎನ್ನುತ್ತೇವೆ. ಮೂಡು, ಪಡು, ತೆಂಕು, ಬಡಗು ಎಂಬ ದಿಕ್ಕುಗಳು ನಮ್ಮ ಹಿರಿಯರ ಮೈಗೆ ಅಂಟಿವೆ. ಎಡಬಲಗಳು ಮನುಷ್ಯನು ಹೊರಳಿದೊಡನೆ ಬದಲಾಗುತ್ತವೆ, ಬಡಗು ಬದಲಾಗದು. ಫೋನಿನ ದಿಕ್ಸೂಚಿ ಅದನ್ನು ಅರಿಯಬಲ್ಲದು. ಕನ್ನಡದ ಆ್ಯಪಿನಲ್ಲಿ ಬೇಕೆಂದವರಿಗೆ ಈ ದಿಕ್ಕುಗಳನ್ನು ಹೇಳುವ ಅವಕಾಶವಿರತಕ್ಕದ್ದು.

ಊರಿನ ಹೆಸರುಗಳ ಪ್ರಶ್ನೆ ಗಡಿನಾಡಿಗೆ ಇನ್ನೂ ಹತ್ತಿರದ್ದು. ನಾವು ಕುಂಬಳೆ ಎನ್ನುವಲ್ಲಿ ಮಲಯಾಳದಲ್ಲಿ ಕುಂಬಳ ಎನ್ನುತ್ತಾರೆ. ನೀಲೇಶ್ವರ ನೀಲೇಶ್ವರಂ ಆಗುತ್ತದೆ. ಯಾವ ಹೆಸರನ್ನೂ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟ ಹೆಸರನ್ನು ಯಂತ್ರ ತನಗೆ ತೋಚಿದಂತೆ ಓದಿದಾಗ, ಕೇಳುವವನಿಗೆ ಅದು ತನ್ನ ಊರೆಂದೇ ತಿಳಿಯದೆ ಹೋಗುತ್ತದೆ. ಅಂಧನಾದ ಕನ್ನಡಿಗನಿಗೆ ತನ್ನ ಮನೆಯಲ್ಲಿ ಹೇಳುವ ಹೆಸರೂ ಬೇಕು, ಕಂಡಕ್ಟರನು ಕೂಗುವ ಹೆಸರೂ ಬೇಕು. ಎರಡನ್ನೂ ಹೇಳುವುದೇ ಸರಿ.

ಇದಕ್ಕೆ ಉಪಾಯವೊಂದು ನಮ್ಮ ಕೈಯಲ್ಲಿಯೇ ಇದೆ. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಲೋಕದ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು. ಸೌಂಡ್‌ಸ್ಕೇಪ್ ಅದನ್ನೇ ಬಳಸಿತು. ಫಿನ್ಲೆಂಡಿನಲ್ಲಿ 2012ರಲ್ಲಿ ಬಂದ ‘ಬ್ಲೈಂಡ್‌ಸ್ಕ್ವೇರ್’ ಕೂಡ ಅದನ್ನು ಬಳಸುತ್ತದೆ. ಒಂದೊಂದು ಸ್ಥಳಕ್ಕೂ ಬೇರೆ ಬೇರೆ ಭಾಷೆಗಳ ಹೆಸರನ್ನು ಬೇರೆ ಬೇರೆಯಾಗಿ ಬರೆಯುವ ಏರ್ಪಾಡು ಅದರಲ್ಲಿದೆ. ಕನ್ನಡದ ಹೆಸರನ್ನು ಬರೆದರೆ ಮಲಯಾಳದ ಹೆಸರು ಅಳಿಯುವುದಿಲ್ಲ. ಕಾಲುದಾರಿ, ಮೆಟ್ಟಿಲು, ಬಸ್ಸು ತಂಗುದಾಣ, ರಸ್ತೆ ದಾಟುವ ಸ್ಥಳ ಎಲ್ಲವನ್ನೂ ಗುರುತಿಸಬಹುದು. ನಕ್ಷೆಯಲ್ಲಿಲ್ಲದ ಸಂಕವನ್ನು ಯಾವ ಆ್ಯಪೂ ಹೇಳಲಾರದು.

ಇನ್ನೊಂದು ಎಚ್ಚರಿಕೆಯ ಮಾತು. ಅಷ್ಟು ಜನಪ್ರಿಯವಾಗಿದ್ದ ಸೌಂಡ್‌ಸ್ಕೇಪನ್ನು ಮೈಕ್ರೋಸಾಫ್ಟ್ ಸಂಸ್ಥೆ 2023ರಲ್ಲಿ ನಿಲ್ಲಿಸಿಬಿಟ್ಟಿತು. ನಿತ್ಯದ ನಡಿಗೆಯನ್ನು ಅದರ ಮೇಲೆ ನಿಲ್ಲಿಸಿಕೊಂಡವರಿಗೆ ಅದು ಸಣ್ಣ ಆಘಾತವಲ್ಲ. ಆದರೆ ನಿಲ್ಲಿಸುವಾಗ ಅದರ ಸಂಕೇತಲಿಪಿಯನ್ನೆಲ್ಲ ಸಾರ್ವಜನಿಕರಿಗೆ ಮುಕ್ತವಾಗಿ ಬಿಟ್ಟುಕೊಟ್ಟುದರಿಂದ, ಇತರರು ಅದನ್ನು ಆಧರಿಸಿ ಹೊಸ ಆ್ಯಪುಗಳನ್ನು ಕಟ್ಟಿ ಮುಂದುವರಿಸಿದ್ದಾರೆ. ಮೊದಲು ಐಫೋನಿಗೆ ಮಾತ್ರ ದೊರೆತಿದ್ದ ಆ ಸೌಕರ್ಯವನ್ನು ಆಂಡ್ರಾಯ್ಡ್ ಫೋನಿಗೆ ತರುವ ಕೆಲಸವೂ ನಡೆದಿದೆ. ಒಬ್ಬ ಧಣಿಯ ಕೃಪೆಯಲ್ಲಿರುವ ದಾರಿ ಎಂದಾದರೂ ಮುಚ್ಚೀತು. ಊರವರ ಕೈಯಲ್ಲಿರುವ ದಾರಿಯನ್ನು ಊರವರು ಕಾಪಾಡಿಕೊಳ್ಳಬಹುದು.

ಕಿವಿಯನ್ನು ನಂಬಿ ಬಾಳುವ ವಿದ್ಯೆಗೆ ಕನ್ನಡ ನಾಡು ಹೊಸತಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಬಳಿಕ ಪುಟ್ಟರಾಜ ಗವಾಯಿಗಳೂ, ತಾವು ಅಂಧರಾಗಿದ್ದು, ಅದೆಷ್ಟೋ ಅಂಧ ಮಕ್ಕಳಿಗೆ ಸಂಗೀತವನ್ನು ಕೊಟ್ಟು ಬದುಕನ್ನು ಕೊಟ್ಟರು. 2016ರ ಅಂಗವಿಕಲರ ಹಕ್ಕುಗಳ ಶಾಸನವು ಸಾರ್ವಜನಿಕ ಸ್ಥಳಗಳೂ ಸಾರಿಗೆಯೂ ಅವರಿಗೆ ಎಟುಕುವಂತಿರಬೇಕೆಂದು ವಿಧಿಸಿದೆ. ಆದರೆ ನಮ್ಮ ಮನಸ್ಸಿನಲ್ಲಿರುವವರು ಶಾಲೆಗೆ ಹೋಗುವ ಅಂಧ ಮಕ್ಕಳಷ್ಟೇ ಅಲ್ಲ. ಅರುವತ್ತು ದಾಟಿದ ಮೇಲೆ ಸಕ್ಕರೆಯ ರೋಗದಿಂದಲೋ ಕಣ್ಣಿನೊಳಗಿನ ಒತ್ತಡದಿಂದಲೋ ದೃಷ್ಟಿ ಕಳೆದುಕೊಂಡು, ಬ್ರೈಲ್ ಲಿಪಿ ಬಾರದೆ, ಇಂಗ್ಲಿಷೂ ಬಾರದೆ, ಜಗಲಿಯಲ್ಲಿ ಕುಳಿತುಬಿಟ್ಟ ಅಜ್ಜ ಅಜ್ಜಿಯರಿದ್ದಾರೆ. ಅವರಿಗೆ ಉಳಿದಿರುವುದು ಕನ್ನಡವೊಂದೇ. ದೇವಸ್ಥಾನದವರೆಗೆ ತಾವಾಗಿ ಹೋಗಿಬರುವಂತಾದರೆ ಅದು ಅವರಿಗೆ ಎರಡನೆಯ ಬದುಕು.

ಆದುದರಿಂದ ಸಂಘದ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇವೆ. ನಮ್ಮ ಕನ್ನಡ ಶಾಲೆಗಳ ಹಿರಿಯ ವಿದ್ಯಾರ್ಥಿಗಳು ಅಧ್ಯಾಪಕರೊಡನೆ ತಮ್ಮ ತಮ್ಮ ವಾರ್ಡಿನ ಓಣಿ, ಮೆಟ್ಟಿಲು, ಸಂಕ, ತಂಗುದಾಣಗಳನ್ನು ಮುಕ್ತ ನಕ್ಷೆಯಲ್ಲಿ ಗುರುತಿಸಿ ಕನ್ನಡದ ಹೆಸರನ್ನು ಬರೆಯಲಿ. ಆ ನಡಿಗೆಯಲ್ಲಿ ಊರಿನ ಅಂಧರೊಬ್ಬರು ಜತೆಗಿದ್ದು, ಯಾವುದು ಗುರುತಾಗಿ ಒದಗುತ್ತದೆಂದು ಅವರೇ ಹೇಳಲಿ. ಫೋನನ್ನು ಕನ್ನಡದಲ್ಲಿ ಮಾತನಾಡಿಸುವ ಕ್ರಮವನ್ನು ಹಿರಿಯರಿಗೆ ಕಲಿಸಲು ತರುಣರು ತಿಂಗಳಿಗೊಮ್ಮೆ ಸಂಘದ ಕೊಠಡಿಯಲ್ಲಿ ಕುಳಿತುಕೊಳ್ಳಲಿ. ಕೊನೆಯದಾಗಿ, ಅಂಗಡಿಯವರು ಹಲಗೆಗಳನ್ನೂ ಬೈಕುಗಳನ್ನೂ ಕಾಲುದಾರಿಯಿಂದ ತೆಗೆಯಲಿ, ಬಾಯಿ ತೆರೆದ ಚರಂಡಿಗೆ ಹಾಸುಗಲ್ಲು ಬೀಳಲಿ; ಏಕೆಂದರೆ ಎಷ್ಟು ಒಳ್ಳೆಯ ಆ್ಯಪಾದರೂ ಇಂದು ಬೆಳಗ್ಗೆ ನಿಲ್ಲಿಸಿದ ಬೈಕನ್ನು ಕಾಣದು.

ಇವು ಯಾವುವೂ ದೊಡ್ಡ ಹಣದ ಕೆಲಸಗಳಲ್ಲ. ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಒಂದು ವಾರ್ಡಿನ ನಕ್ಷೆಯಾದರೂ ಪೂರ್ತಿಯಾಗಿ, ಊರಿನ ಅಂಧ ಬಂಧುಗಳೊಬ್ಬರು ಈ ಸಭಾಭವನಕ್ಕೆ ಕೋಲು ಹಿಡಿದು ತಾವಾಗಿಯೇ ನಡೆದು ಬರುವಂತಾಗಲೆಂದು ಹಾರೈಸುತ್ತೇವೆ.